‘ಡೆಲ್ಲೀಲಿ ಕೆಲಸ’

ಬಂಧುಗಳ ಮೇಲೆ ಮಮತೆ ಇಲ್ಲದವನು, ಕ್ರೂರಿ, ಮೇಲಾಗಿ ಸೋಮಾರಿ. ವಿಷ ಹಾಕುವ ಕೆಲಸಕ್ಕೆ ಇಂಥವನನ್ನು ಹುಡುಕಿ ಇಟ್ಟುಕೋ ಅನ್ನುತ್ತಾನೆ ಕೌಟಿಲ್ಯ. ‘ರಸದ’ ಅಂತ ಅವನಿಗೆ ಹೆಸರು. ಕ್ರೌರ್ಯ ಸರಿ, ಮಮತೆ ಇಲ್ಲದಿರುವುದೂ ಸರಿ, ಸೋಮಾರಿತನ ಯಾತಕ್ಕೆ ಎಂದು ಬಹಳ ಯೋಚಿಸಿದ್ದೇನೆ. ಮೈ ಬಗ್ಗಿಸಿ ದುಡಿಯಲಾರದವನು ಸುಲಭದ ದುಡ್ಡಿಗೆ ಎಂಥ ಕೆಲಸಕ್ಕೂ ಇಳಿದಾನು ಎಂಬ ಲೆಕ್ಕಾಚಾರವಿರಬೇಕು.

ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಗೂಢಪುರುಷರಿಗಾಗಿಯೇ ಎರಡು ಅಧ್ಯಾಯಗಳಿವೆ. ಶಿಷ್ಯನ ವೇಷ, ಸನ್ಯಾಸಿಯ ವೇಷ, ವ್ಯಾಪಾರಿಯ ವೇಷ, ತಪಸ್ವಿಯ ವೇಷ ಎಂದು ಸಾಮಾನ್ಯವಾಗಿ ಅದನ್ನು ವೇಷಗಳ ಪಟ್ಟಿಯಾಗಿ ಓದುತ್ತೇವೆ. ನನಗೆ ಈಚೆಗೆ ಅದು ಯಾರಿಗೆ ಮನೆಯಿದೆ, ಯಾರಿಗಿಲ್ಲ ಎಂಬ ಪಟ್ಟಿಯಾಗಿ ಕಾಣತೊಡಗಿದೆ. ನೆಂಟರಿಷ್ಟರಿಲ್ಲದ, ರಾಜನೇ ಸಾಕಬೇಕಾದವರಿಗೆ ವಿದ್ಯೆ ಕಲಿಸಿ ತಯಾರು ಮಾಡಿದರೆ ಅವರು ‘ಸತ್ರಿ’ಗಳು. ಜೀವದ ಹಂಗು ತೊರೆದು ದುಡ್ಡಿಗಾಗಿ ಆನೆಯ ಎದುರಿಗೂ ನಿಲ್ಲುವವನು ‘ತೀಕ್ಷ್ಣ’. ಬದುಕಿಗೆ ದಾರಿ ಹುಡುಕುತ್ತಿರುವ, ಮಾತು ಬಲ್ಲ ಬಡ ವಿಧವೆ ‘ಪರಿವ್ರಾಜಿಕೆ’. ಬೇಸಾಯ ಕೆಟ್ಟ ಬುದ್ಧಿವಂತ ರೈತ ‘ಗೃಹಪತಿಕ’. ಹೆಚ್ಚಿನವರು ಮನೆ ಇಲ್ಲದವರು, ಇಲ್ಲವೇ ಮನೆ ಮುರಿದವರು.

ಹಾಗಾದರೆ ಹೆಂಡತಿ ಮಕ್ಕಳಿರುವವನು? ಅವನಿಗೂ ಒಂದು ಸಾಲಿದೆ. ‘ಗೃಹೀತಪುತ್ರದಾರಾಂಶ್ಚ ಕುರ್ಯಾದುಭಯವೇತನಾನ್.’ ವೈರಿಯ ಹತ್ತಿರವೂ ಸಂಬಳ ತಿನ್ನುತ್ತಾ ನಮಗೆ ಸುದ್ದಿ ತಲುಪಿಸುವವನನ್ನು ನೇಮಿಸುವುದಾದರೆ, ಮೊದಲು ಅವನ ಹೆಂಡತಿ ಮಕ್ಕಳನ್ನು ನಿನ್ನ ವಶಕ್ಕೆ ತೆಗೆದುಕೋ. ಒಂದೇ ಸಾಲು. ಆ ಹೆಂಡತಿಯ ಊಟ, ಆ ಮಕ್ಕಳ ಓದು ಏನಾಯಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಅರ್ಥಶಾಸ್ತ್ರ ಮತ್ತೆ ಬೆಳಕಿಗೆ ಬಂದದ್ದೇ ನಮ್ಮ ಮೈಸೂರಿನಿಂದ. 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟನ್ನು 1905ರಲ್ಲಿ ಗುರುತಿಸಿದವರು ಅಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೆ ಬಂತು. ಕೃಷ್ಣರಾಜ ಬುಲೆವಾರ್ಡಿನ ಮರಗಳ ಕೆಳಗೆ ಬೈಕು ನಿಲ್ಲಿಸಿ ಹರಟುವ ಕಾಲೇಜು ಹುಡುಗರಿಗೆ, ಎದುರಿನ ಹಳೇ ಕಟ್ಟಡದಲ್ಲಿ ಪ್ರಪಂಚದ ಅತಿ ಹಳೆಯ ಗುಪ್ತಚರ ಕೈಪಿಡಿಗಳಲ್ಲೊಂದು ಇದೆ ಎಂದು ಯಾರಾದರೂ ಹೇಳಿದ್ದಾರೋ ಇಲ್ಲವೋ.

ಒತ್ತೆಯ ಲೆಕ್ಕ ನಮ್ಮ ಸೀಮೆಗೆ ಹೊಸದೂ ಅಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಜಾಮೀನಾಗಿ ಟಿಪ್ಪು ತನ್ನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದ. ಇಬ್ಬರೂ ಆಟವಾಡುವ ವಯಸ್ಸಿನವರು. ಎರಡು ವರ್ಷ ಕಳೆದ ಮೇಲೆ ಅವರು ವಾಪಸಾದರು. ಆ ಘಟನೆಯನ್ನು ಇಂಗ್ಲಿಷ್ ಚಿತ್ರಗಾರರು ಬಣ್ಣ ಬಳಿದು ಬಳಿದು ಬರೆದಿದ್ದಾರೆ. ಅವುಗಳಲ್ಲಿ ಹುಡುಗರು ಮುತ್ತಿನ ಹಾರ ಹಾಕಿಕೊಂಡಿರುತ್ತಾರೆ, ಗೌರ್ನರು ಪ್ರೀತಿಯಿಂದ ಕೈಹಿಡಿದಿರುತ್ತಾನೆ.

ಈಗಿನ ಓಟಿಟಿ ಸರಣಿಗಳಲ್ಲಿ ಗೂಢಚಾರನ ಸಂಸಾರ ಎಂದರೆ ತಮಾಷೆಯ ಭಾಗ. ನಾಯಕ ಉಗ್ರನ ಹಿಂದೆ ಓಡುತ್ತಿರುತ್ತಾನೆ, ಹೆಂಡತಿ ಫೋನ್ ಮಾಡಿ ಸಂಜೆ ಪೇರೆಂಟ್ಸ್ ಮೀಟಿಂಗ್ ನೆನಪಿದೆಯಾ ಎನ್ನುತ್ತಾಳೆ. ನಾವು ನಗುತ್ತೇವೆ. ನಾನೂ ರಾತ್ರಿ ಕೂತು ನೋಡಿ ನಕ್ಕಿದ್ದೇನೆ. ಒಂದು ಕಡೆ ದೇಶ, ಇನ್ನೊಂದು ಕಡೆ ಮನೆ, ನಡುವೆ ಪಾಪದ ಗಂಡಸು ಎಂದು ಈ ಕಥೆಗಳು ತೋರಿಸುತ್ತವೆ. ದಾಖಲೆಯಲ್ಲಿರುವ ನಿಜವಾದ ಬೇಹುಗಾರರ ಬದುಕು ಓದುತ್ತಾ ಹೋದರೆ ಹೀಗೆ ಎರಡು ಕಡೆ ಇರುವುದಿಲ್ಲ. ಮನೆಯೇ ಕೆಲಸದ ಒಳಗಿರುತ್ತದೆ.

ಆಂದ್ರೇ ಬೆಜ್ರುಕೋವ್ ಮತ್ತು ಎಲೆನಾ ವಾವಿಲೋವಾ ಎಂಬ ರಷ್ಯದ ದಂಪತಿ ಸತ್ತುಹೋದ ಕೆನಡಾದ ಶಿಶುಗಳ ಹೆಸರಿನಲ್ಲಿ ಬದುಕಿದರು. ಟೊರಾಂಟೊದಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಆಮೇಲೆ ಅಮೆರಿಕದ ಬಾಸ್ಟನ್ ಹತ್ತಿರ ಸಂಸಾರ ಹೂಡಿದರು. 2010ರ ಜೂನ್ 27ರಂದು ಎಫ್‌ಬಿಐನವರು ಬಾಗಿಲು ಬಡಿದಾಗ ಮನೆಯಲ್ಲಿ ದೊಡ್ಡ ಮಗನ ಇಪ್ಪತ್ತನೇ ಹುಟ್ಟುಹಬ್ಬ. ತಮ್ಮ ಅಪ್ಪ ಅಮ್ಮ ರಷ್ಯದವರೆಂಬುದೇ ತಮಗೆ ಗೊತ್ತಿರಲಿಲ್ಲ ಎಂದು ಮಕ್ಕಳು ಹೇಳಿದರು. ಎರಡು ವಾರದೊಳಗೆ ವಿಯೆನ್ನಾದಲ್ಲಿ ಕೈದಿಗಳ ವಿನಿಮಯ ನಡೆದು ಅಪ್ಪ ಅಮ್ಮ ಮಾಸ್ಕೋ ಸೇರಿದರು. ಕೆನಡಾ ಮಕ್ಕಳ ಪೌರತ್ವಕ್ಕೇ ಕೈಹಾಕಿತು. ಕಿರಿಯ ಮಗ ಕೋರ್ಟಿನಿಂದ ಕೋರ್ಟಿಗೆ ಅಲೆದ. ನೀನು ಕೆನಡಾದವನೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಹದಿನಾರರ ಹುಡುಗ ಅಷ್ಟು ಹೊತ್ತಿಗೆ ಇಪ್ಪತ್ತೈದು ದಾಟಿದ್ದ.

ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದಲ್ಲಿ ಅರ್ಜೆಂಟೀನಾದವರೆಂದು ಹೇಳಿಕೊಂಡು ಆರ್ಟ್ ಗ್ಯಾಲರಿ ನಡೆಸುತ್ತಿದ್ದ ಇನ್ನೊಂದು ಜೋಡಿ 2022ರ ಡಿಸೆಂಬರಿನಲ್ಲಿ ಸಿಕ್ಕಿಬಿತ್ತು. ಅಪ್ಪ ಅಮ್ಮ ಜೈಲಿನಲ್ಲಿದ್ದಾಗ ಇಬ್ಬರು ಚಿಕ್ಕ ಮಕ್ಕಳು ಬೇರೆಯವರ ಆಸರೆಯಲ್ಲಿ ಬೆಳೆದರು. 2024ರ ಆಗಸ್ಟ್ 1ರಂದು ಕೈದಿಗಳ ವಿನಿಮಯವಾಗಿ ಅಂಕಾರಾದಿಂದ ಮಾಸ್ಕೋಗೆ ವಿಮಾನ ಹಾರಿತು. ತಾವು ರಷ್ಯದವರೆಂದು ಮಕ್ಕಳಿಗೆ ತಿಳಿದದ್ದು ಆ ವಿಮಾನದಲ್ಲಿ. ನಿಲ್ದಾಣದಲ್ಲಿ ಹೂಗುಚ್ಛ ಹಿಡಿದು ಕಾದಿದ್ದ ಪುಟಿನ್ ಆ ಮಕ್ಕಳನ್ನು ಸ್ಪ್ಯಾನಿಷಿನಲ್ಲಿ ಮಾತಾಡಿಸಬೇಕಾಯಿತು, ಅವರಿಗೆ ರಷ್ಯನ್ ಬರುತ್ತಿರಲಿಲ್ಲ. ಈ ಮನುಷ್ಯ ಯಾರು ಎಂದೂ ಅವರಿಗೆ ಗೊತ್ತಿರಲಿಲ್ಲ. ಇದನ್ನೆಲ್ಲ ಕ್ರೆಮ್ಲಿನ್ ವಕ್ತಾರರೇ ಹೆಮ್ಮೆಯಿಂದ ಹೇಳಿದ್ದು. ಆ ಹೆಮ್ಮೆ ನನಗೆ ಅರ್ಥವಾಗುವುದಿಲ್ಲ.

ಮಗುವಿನ ಬಾಯಿ ಎಂಥ ಅಪಾಯ ಎಂಬುದು ಹಳಬರಿಗೂ ಗೊತ್ತಿತ್ತು. 1907ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಉರ್ಸುಲಾ ಕುಚಿನ್‌ಸ್ಕಿ ಸೋವಿಯತ್ ಸೇನಾ ಗುಪ್ತಚರ ವಿಭಾಗಕ್ಕೆ ‘ಸೋನ್ಯಾ’ ಎಂಬ ಹೆಸರಿನಲ್ಲಿ ದುಡಿದವಳು. ತರಬೇತಿಗೆ ಮಾಸ್ಕೋಗೆ ಬಾ ಎಂದಾಗ ಎರಡು ವರ್ಷ ದಾಟಿದ ಮಗನನ್ನು ಗಂಡನ ತಂದೆತಾಯಿಯ ಹತ್ತಿರ ತಿಂಗಳುಗಟ್ಟಲೆ ಬಿಟ್ಟು ಹೋದಳು. ಕರೆದುಕೊಂಡು ಹೋದರೆ ಅವನು ನಾಲ್ಕು ರಷ್ಯನ್ ಮಾತು ಕಲಿತುಬಿಡುತ್ತಾನೆ, ಮುಂದೆ ಎಲ್ಲೋ ಯಾರದೋ ಎದುರು ಆಡಿಬಿಡುತ್ತಾನೆ ಎಂಬುದೇ ಕಾರಣ. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಇವಳ ಗುಟ್ಟು ರಟ್ಟು ಮಾಡಲು ಹೊರಟವಳು ಪೊಲೀಸಳಲ್ಲ, ಮಕ್ಕಳನ್ನು ಸಾಕಿದ ದಾದಿ ಓಲ್ಗಾ. ಉರ್ಸುಲಾ ಇಂಗ್ಲೆಂಡಿಗೆ ಹೊರಟಿದ್ದಳು, ಜರ್ಮನ್ ಪಾಸ್‌ಪೋರ್ಟಿನ ದಾದಿಗೆ ಅಲ್ಲಿಗೆ ಹೋಗುವ ಹಾಗಿರಲಿಲ್ಲ, ಎತ್ತಿ ಆಡಿಸಿದ ಹೆಣ್ಣುಮಗು ಕೈತಪ್ಪಿ ಹೋಗುತ್ತದೆಂಬ ಸಂಕಟಕ್ಕೆ ಅವಳು ಬ್ರಿಟಿಷ್ ಕಚೇರಿಗೆ ಹೋಗಿ ಎಲ್ಲ ಹೇಳಿದಳು. ಅವಳ ಹರಕು ಇಂಗ್ಲಿಷು ಅಲ್ಲಿದ್ದವರ ತಲೆಗೆ ಹೋಗಲಿಲ್ಲ. ಹಾಗಾಗಿ ಉರ್ಸುಲಾ ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಗೆ ಬಂದು, ಮಕ್ಕಳನ್ನು ಬೆಳೆಸುತ್ತಾ, ಸೈಕಲ್ ತುಳಿದುಕೊಂಡು ಹೋಗಿ ಕ್ಲಾಸ್ ಫುಕ್ಸ್ ಎಂಬ ವಿಜ್ಞಾನಿಯಿಂದ ಅಣುಬಾಂಬಿನ ವಿವರ ತಂದು ಮಾಸ್ಕೋಗೆ ಕಳಿಸಿದಳು. ದಾದಿಯ ಪ್ರೀತಿಗೆ ಒಳ್ಳೆಯ ಇಂಗ್ಲಿಷ್ ಬಂದಿದ್ದರೆ ಚರಿತ್ರೆಯ ದಾರಿ ಬದಲಾಗುತ್ತಿತ್ತೋ ಏನೋ.

ಇಷ್ಟೆಲ್ಲ ಓದುವ ಹುಚ್ಚು ನನಗೆ ಹತ್ತಿದ್ದಕ್ಕೆ ನಮ್ಮ ಮನೆಯಲ್ಲೇ ಒಂದು ಕಾರಣವಿದೆ.

ನಮ್ಮ ದೊಡ್ಡಪ್ಪನದು ‘ಡೆಲ್ಲೀಲಿ ಕೆಲಸ’. ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅಷ್ಟು. ಸೆಂಟ್ರಲ್ ಗೌರ್ಮೆಂಟು, ಡೆಲ್ಲಿ. ಯಾವ ಕಚೇರಿ, ಎಂಥ ಕೆಲಸ ಎಂದು ಕೇಳಿದರೆ ‘ಫೈಲು ನೋಡದು’ ಅನ್ನುತ್ತಿದ್ದರು. ಕಾಗದ ಬರುತ್ತಿತ್ತು, ವಿಳಾಸದ ಜಾಗದಲ್ಲಿ ಪೋಸ್ಟ್ ಬಾಕ್ಸ್ ನಂಬರು. ಆರು ತಿಂಗಳು ಕಾಗದ ಇಲ್ಲದೆಯೂ ಇರುತ್ತಿತ್ತು. ದೊಡ್ಡವ್ವ ಗದ್ದೆ ನೋಡಿಕೊಳ್ಳುತ್ತಿದ್ದಳು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನ, ಕಬ್ಬಿನ ಕಟಾವಿಗೆ ಪರ್ಮಿಟ್ಟು ಬಂದ ದಿನ, ಗಾಡಿಗಳು ಸಾಲುಗಟ್ಟಿ ಫ್ಯಾಕ್ಟರಿ ಮುಂದೆ ರಾತ್ರಿಯೆಲ್ಲ ನಿಂತ ದಿನ, ಎಲ್ಲಾ ಅವಳದೇ.

ಊರಿನವರು ಸುಮ್ಮನೆ ಬಿಡುತ್ತಾರೆಯೇ? ಗಂಡಸು ಎಲ್ಲಿದ್ದಾನೆಂದು ಹೆಂಡತಿಗೇ ಗೊತ್ತಿಲ್ಲ ಎಂದರೆ ಹಳ್ಳಿಗೆ ಒಂದೇ ಅರ್ಥ. ಅಲ್ಲೊಂದು ಸಂಸಾರ ಮಡಿಕಂಡವ್ನೆ. ಗೂಢಚರ್ಯೆ ಎಂಬ ಊಹೆ ಯಾರ ತಲೆಗೂ ಬರಲಿಲ್ಲ. ಎರಡನೇ ಸಂಸಾರ ಎಲ್ಲರಿಗೂ ಥಟ್ಟನೆ ಹೊಳೆಯಿತು. ಒಂದು ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಮರೆ ಇನ್ನೊಂದಿಲ್ಲ, ದೊಡ್ಡಪ್ಪನಿಗೆ ಅದನ್ನು ಕಟ್ಟುವ ಶ್ರಮವೂ ಬೀಳಲಿಲ್ಲ, ಊರೇ ಕಟ್ಟಿಕೊಟ್ಟಿತು. ಅದರ ಬಾಡಿಗೆ ಕಟ್ಟಿದವಳು ದೊಡ್ಡವ್ವ.

“ಇಲ್ಲ ಅಂತ ಹೆಂಗ್ ಯೋಳಾದು ಕನಪ್ಪ?” ಅಂದಿದ್ದಳು ಒಮ್ಮೆ. “ಇದ್ರೂ ಇರ್ಬೋದು ಅಂತ ನಂಗೂ ಒಂದೊಂದ್ ಕಿತ ಅನ್ನುಸ್ತಿತ್ತು. ಕೆಲ್ಸ ಏನು ಅಂದ್ರೆ ಡೆಲ್ಲಿ ಅನ್ನೋರು. ಡೆಲ್ಲೀನೇ ಕೆಲ್ಸವಾ?”

ಅವರ ಮಗಳು, ನನ್ನ ಅಕ್ಕ, ಅವಳಿಗೆ ಮದ್ದೂರು ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಸೋದರಮಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಕಾಗದಪತ್ರ ಬಲ್ಲವರು. ಸೆಂಟ್ರಲ್ ಗೌರ್ಮೆಂಟ್ ಸರಿ, ಯಾವ ಇಲಾಖೆ, ಯಾವ ಹುದ್ದೆ, ಯಾವ ಸ್ಕೇಲು ಎಂದು ಕೇಳಿದರು. ದೊಡ್ಡವ್ವ ಕಾಫಿ ಲೋಟ ತೆಗೆಯುವ ನೆಪದಲ್ಲಿ ಒಳಗೆ ಹೋದಳು. ಆ ಸಂಬಂಧ ಕೂಡಿಬರಲಿಲ್ಲ. ಆಮೇಲೆ ಬೇರೆ ಕಡೆ ಒಳ್ಳೆಯದೇ ಆಯಿತು, ದೊಡ್ಡಪ್ಪ ಧಾರೆಗೆ ಸರಿಯಾಗಿ ಬಂದೂ ಬಂದರು. ಆದರೆ ಮದುವೆ ಆಲ್ಬಂನಲ್ಲಿ ಹುಡುಕಿದರೆ ಅವರು ಒಂದು ಪಟದಲ್ಲೂ ಇಲ್ಲ. ಗುಂಪು ಫೋಟೋ ಎಂದ ಕೂಡಲೇ ‘ಪಂಕ್ತೀಲಿ ಪಾಯಸ ಬಂತಾ ನೋಡ್ಬತ್ತೀನಿ’ ಎಂದು ಎದ್ದು ಹೋಗಿರುತ್ತಿದ್ದರು. ಮಗಳನ್ನು ಧಾರೆ ಎರೆಯುವ ಪಟದಲ್ಲಿ ಚೊಂಬು ಹಿಡಿದ ಎರಡು ಕೈ ಮಾತ್ರ ಕಾಣುತ್ತದೆ, ಮುಖ ಕಂಬದ ಹಿಂದೆ.

ಅವರು ಛಾವಣಿಯಿಂದ ಛಾವಣಿಗೆ ಹಾರಿದರೆಂದು ನಾನು ಅಂದುಕೊಂಡಿಲ್ಲ. ಆ ಲೋಕದ ಕೆಲಸದಲ್ಲಿ ಹೆಚ್ಚಿನದು ಕೂತು ಕೇಳುವುದು, ಕೂತು ಓದುವುದು, ಯಾರ ಜೊತೆಯಲ್ಲೋ ಟೀ ಕುಡಿಯುತ್ತಾ ಕಾಲ ಕಳೆಯುವುದು. ನಿವೃತ್ತಿಯಾದ ಮೇಲೆ ಮೈಸೂರಿನ ಕುವೆಂಪುನಗರದಲ್ಲಿ ಮನೆ ಕಟ್ಟಿದರು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ನಡೆದರು, ತೀರಿಕೊಂಡರು. ಒಂದು ಮಾತು ಹೊರಗೆ ಬರಲಿಲ್ಲ. ಬರುವಂತೆಯೂ ಇಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆ ಇಂದಿಗೂ ಇದೆ. 1985ರ ಇನ್ನೊಂದು ಕಾಯ್ದೆ ಗುಪ್ತಚರ ಸಂಸ್ಥೆಗಳ ನೌಕರರ ಸಂಘ ಕಟ್ಟುವ, ಪತ್ರಿಕೆಗೆ ಮಾತಾಡುವ ಹಕ್ಕುಗಳಿಗೆ ಬೇಲಿ ಹಾಕಿದೆ. 2021ರಲ್ಲಿ ಪೆನ್ಷನ್ ನಿಯಮವನ್ನೇ ತಿದ್ದಿದರು. ನಿವೃತ್ತರಾದವರು ತಮ್ಮ ಸಂಸ್ಥೆಗೆ ಸಂಬಂಧಪಟ್ಟದ್ದನ್ನು ಅನುಮತಿಯಿಲ್ಲದೆ ಬರೆದು ಪ್ರಕಟಿಸಿದರೆ ಪೆನ್ಷನ್ನಿಗೇ ಕುತ್ತು.

ಗುಟ್ಟು ಬೇಕಿಲ್ಲ ಎಂದು ನಾನು ವಾದಿಸುವುದಿಲ್ಲ. ಬಾಯಿ ಜಾರಿದರೆ ಎಲ್ಲೋ ಯಾರದೋ ತಲೆ ಹೋಗುತ್ತದೆ. ನನಗೆ ಸಿಟ್ಟು ಬರುವುದು ‘ದೇಶಕ್ಕಾಗಿ ಸಂಸಾರವನ್ನೇ ಬಿಟ್ಟ ವೀರ’ ಎಂಬ ಭಾಷಣ ಕೇಳಿದಾಗ. ವೀರನಿಗೆ ತಾನು ಏನು ಬಿಡುತ್ತಿದ್ದೇನೆಂದು ಗೊತ್ತಿತ್ತು, ಸಹಿ ಹಾಕಿ ಹೋಗಿದ್ದ. ಮನೆಯಲ್ಲಿದ್ದವರ ಸಹಿಯನ್ನು ಯಾರೂ ಕೇಳಿರಲಿಲ್ಲ.

ಇಸ್ರೇಲಿನ ಬೇಹುಗಾರ ಎಲಿ ಕೋಹೆನ್ ಕಥೆ ಗೊತ್ತಿರುವವರು ಬಹಳ ಜನ. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ ಇಸ್ರೇಲಿಗೆ ಬಂದವನು, ಸಿರಿಯಾದ ವ್ಯಾಪಾರಿ ಕಾಮಿಲ್ ಅಮೀನ್ ಥಾಬಿತ್ ಆಗಿ ಡಮಾಸ್ಕಸ್ಸಿನ ದೊಡ್ಡವರ ಮನೆಗಳಲ್ಲಿ ಓಡಾಡಿದವನು, 1965ರ ಮೇ 18ರಂದು ಅದೇ ಊರಿನ ಚೌಕದಲ್ಲಿ ಗಲ್ಲಿಗೇರಿದವನು. ರಕ್ಷಣಾ ಇಲಾಖೆಯ ಖರೀದಿ ಕೆಲಸಕ್ಕೆ ಹೊರದೇಶ ಸುತ್ತುತ್ತಾನೆ ಎಂದೇ ಹೆಂಡತಿ ನಾದಿಯಾ ನಂಬಿದ್ದಳು. ಆದರೆ ಅವನ ಮನೆಯಲ್ಲಿ ಒಬ್ಬನಿಗೆ ನಿಜ ತಿಳಿದುಹೋಗಿತ್ತು. ತಮ್ಮ ಮೋರಿಸ್ ಇಸ್ರೇಲಿನ ಗುಪ್ತಚರ ಸಂಸ್ಥೆ ಮೊಸಾದಿನಲ್ಲೇ ಸಂಕೇತ ಬಿಡಿಸುವ ಕೆಲಸದಲ್ಲಿದ್ದ. ಡಮಾಸ್ಕಸ್ಸಿನಿಂದ ಬರುತ್ತಿದ್ದ ಸಂದೇಶಗಳನ್ನು ಬಿಡಿಸುತ್ತಾ ಬಿಡಿಸುತ್ತಾ, ಇದನ್ನು ಕಳಿಸುತ್ತಿರುವವನು ತನ್ನಣ್ಣನೇ ಎಂದು ಅವನಿಗೆ ಗೊತ್ತಾಯಿತು. ಹಬ್ಬಕ್ಕೆ ತಾಯಿಯ ಮನೆಗೆ ಹೋದಾಗ ಅತ್ತಿಗೆಯ ಮುಖ ನೋಡಿಕೊಂಡು ಇವನು ಊಟ ಹೇಗೆ ಮಾಡಿರಬಹುದು? ಸರಣಿ ಮಾಡುವವರು ನನ್ನನ್ನು ಕೇಳಿದರೆ ಕಥೆಯನ್ನು ಈ ತಮ್ಮನ ಕಡೆಯಿಂದ ಶುರು ಮಾಡಿ ಅನ್ನುತ್ತೇನೆ. ಗಂಡನ ಕೊನೆಯ ಕಾಗದದ ಮೂಲಪ್ರತಿ ನಾದಿಯಾ ಕೈಗೆ ಬಂದದ್ದು 2025ರಲ್ಲಿ. ದೇಹ ಇನ್ನೂ ಬಂದಿಲ್ಲ.

ನಮ್ಮವಳೆಂದು ಹೇಳಿಕೊಳ್ಳಬಹುದಾದ ಒಬ್ಬಳಿದ್ದಾಳೆ. ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗಳಿಗೆ ಗುಂಬಜ್, ದರಿಯಾ ದೌಲತ್ ತೋರಿಸುವವರು ಅವಳ ಹೆಸರನ್ನು ಹೇಳಿದ್ದು ನಾನಂತೂ ಕೇಳಿಲ್ಲ. ನೂರ್ ಇನಾಯತ್ ಖಾನ್. ಅವಳ ತಂದೆ ಸೂಫಿ ಗುರು, ವೀಣೆ ನುಡಿಸುತ್ತಿದ್ದ ಹಜ್ರತ್ ಇನಾಯತ್ ಖಾನ್. ಆತನ ತಾಯಿಯ ತಂದೆ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಸಂಗೀತಗಾರ, ಕೈಹಿಡಿದದ್ದು ಟಿಪ್ಪುವಿನ ವಂಶದ ಹೆಣ್ಣನ್ನು. ನೂರಳ ತಾಯಿ ಅಮೆರಿಕದವಳು, ಮದುವೆಯ ನಂತರ ಅಮೀನಾ ಬೇಗಂ. 1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿದ ನೂರ್ ಬೆಳೆದದ್ದು ಪ್ಯಾರಿಸ್ಸಿನ ಪಕ್ಕದ ಸುರೇನ್ ಎಂಬಲ್ಲಿ.

ಅವಳಿಗೆ ಹದಿಮೂರಾಗಿದ್ದಾಗ ತಂದೆ ಹಿಂದೂಸ್ತಾನಕ್ಕೆಂದು ಬಂದವರು ದೆಹಲಿಯಲ್ಲಿ ತೀರಿಕೊಂಡರು. ತಾಯಿ ದುಃಖದಲ್ಲಿ ಕೋಣೆ ಸೇರಿದಳು. ಇಬ್ಬರು ತಮ್ಮಂದಿರು, ಒಬ್ಬ ತಂಗಿ, ಅಡುಗೆ, ಮನೆ, ಎಲ್ಲವೂ ನೂರಳ ಹೆಗಲಿಗೆ ಬಂತು. ಮುಂದೆ ಮಕ್ಕಳಿಗಾಗಿ ಕಥೆ ಬರೆಯತೊಡಗಿದಳು. ಜಾತಕ ಕಥೆಗಳನ್ನು ಅವಳು ಹೇಳಿದ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷ ಜರ್ಮನ್ನರು ಪ್ಯಾರಿಸ್ಸಿಗೆ ನುಗ್ಗಿದಾಗ ತಾಯಿ, ತಂಗಿ, ಒಬ್ಬ ತಮ್ಮನ ಜೊತೆ ನೂರ್ ಇಂಗ್ಲೆಂಡಿಗೆ ಓಡಿದಳು. ಅಲ್ಲಿ ವಾಯುಪಡೆಯ ಮಹಿಳಾ ವಿಭಾಗ ಸೇರಿ ರೇಡಿಯೊ ಕೆಲಸ ಕಲಿತಳು. ಫ್ರೆಂಚ್ ಚೆನ್ನಾಗಿ ಬರುತ್ತಿದ್ದ ಅವಳನ್ನು ಗುಪ್ತ ಕಾರ್ಯಾಚರಣೆಯ ದಳ ಆರಿಸಿತು.

ಹೊರಡುವ ಮುಂಚೆ ಅವಳು ಸಪ್ಪಗಿದ್ದಾಳೆ, ಕಳಿಸುವುದು ಬೇಡ ಎಂದು ಜೊತೆಯವರು ಮೇಲಿನವರಿಗೆ ಬರೆದರು. ಅಧಿಕಾರಿ ವೇರಾ ಅಟ್ಕಿನ್ಸ್ ಊಟಕ್ಕೆ ಕರೆದು ವಿಚಾರಿಸಿದರೆ, ಹೋಗುವುದಕ್ಕೆ ಅವಳಿಗೆ ಹಿಂಜರಿಕೆಯೇ ಇರಲಿಲ್ಲ. ಅವಳನ್ನು ಹಿಂಡುತ್ತಿದ್ದದ್ದು ಅಮ್ಮನಿಗೆ ವಿದಾಯ ಹೇಳುವುದೊಂದೇ. ನಿಜ ಹೇಳುವಂತಿಲ್ಲ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಗುಪ್ತ ಕೆಲಸಕ್ಕೆ ಹೋದವರ ಮನೆಗೆ ಆಗಾಗ ‘ಕ್ಷೇಮವಾಗಿದ್ದಾರೆ’ ಎಂದು ಒಂದೆರಡು ಸಾಲಿನ ಕಾಗದ ಕಳಿಸುವುದು ಆ ಕಚೇರಿಯ ಪದ್ಧತಿ. ನೂರ್ ಒಂದು ಕೋರಿಕೆ ಇಟ್ಟಳು. ನಾನು ಸತ್ತಿದ್ದೇನೆಂದು ಸಂದೇಹವೇ ಇಲ್ಲದಂತೆ ಖಚಿತವಾಗುವ ತನಕ ಅಮ್ಮನಿಗೆ ಕೆಟ್ಟ ಸುದ್ದಿ ಮುಟ್ಟಿಸಬೇಡಿ. ಕಣ್ಮರೆ ಎಂದೂ ಹೇಳಬೇಡಿ.

1943ರ ಜೂನ್ 16ರ ರಾತ್ರಿ ಪುಟ್ಟ ವಿಮಾನದಲ್ಲಿ ಫ್ರಾನ್ಸಿಗೆ ಇಳಿದಳು. ಅಲ್ಲಿ ಅವಳ ಹೆಸರು ಜಾನ್ ಮರಿ ರೆನಿಯೆ, ವೃತ್ತಿ ಮಕ್ಕಳ ದಾದಿ. ಇಳಿದು ಕೆಲವೇ ದಿನಗಳಲ್ಲಿ ಅವಳ ಗುಪ್ತ ಜಾಲದವರು ಒಬ್ಬೊಬ್ಬರಾಗಿ ಹಿಡಿಯಲ್ಪಟ್ಟರು. ವಾಪಸು ಬಾ ಎಂದರೂ ಅವಳು ಬರಲಿಲ್ಲ. ಪ್ಯಾರಿಸ್ಸಿನಲ್ಲಿ ಮನೆಯಿಂದ ಮನೆಗೆ ರೇಡಿಯೊ ಹೊತ್ತು ನಾಲ್ಕು ತಿಂಗಳ ಹತ್ತಿರ ಸುದ್ದಿ ಕಳಿಸಿದಳು. ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಳು. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು, ಆಮೇಲೆ ಜರ್ಮನಿಯ ಜೈಲಿನಲ್ಲಿ ಸಂಕೋಲೆ, 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಗುಂಡು. ಇತ್ತ ಜರ್ಮನ್ನರು ಅವಳದೇ ರೇಡಿಯೊ ಬಳಸಿ ಲಂಡನ್ನಿಗೆ ಸುದ್ದಿ ಕಳಿಸುತ್ತಲೇ ಇದ್ದರು. ಲಂಡನ್ ಬಹಳ ದಿನ ಅದನ್ನು ನಂಬಿತು. ಸಂದೇಹವಿಲ್ಲದ ಖಚಿತತೆಗೆ ಯುದ್ಧ ಮುಗಿಯಬೇಕಾಯಿತು. 1949ರಲ್ಲಿ ಬ್ರಿಟನ್ನಿನ ಶೌರ್ಯಪದಕ ಜಾರ್ಜ್ ಕ್ರಾಸ್ ಕೊಟ್ಟರು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ ಪ್ರತಿಮೆ ಇಟ್ಟರು.

ಅವಳ ಧೈರ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಆ ಕೋರಿಕೆಯ ಹತ್ತಿರವೇ ನಿಂತುಬಿಡುತ್ತೇನೆ. ಅದು ಕರುಣೆಯೇ? ಮಗಳ ಕಡೆಯಿಂದ ಹೌದು. ತಾಯಿಯ ಕಡೆಯಿಂದ ನೋಡಿದರೆ ನನಗೆ ಅಷ್ಟು ಸುಲಭವಾಗಿ ಹೌದು ಎನ್ನಲಾಗುವುದಿಲ್ಲ. ಗೊತ್ತಿಲ್ಲದೆ ಕಾಯುವುದು ಎಂಥದೆಂದು ನೋಡಿ ಬೆಳೆದವನು ನಾನು.

ದೊಡ್ಡವ್ವನಿಗೆ ಈಗ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಪೆನ್ಷನ್ ಪುಸ್ತಕದಲ್ಲಿ ದೊಡ್ಡಪ್ಪನ ಇಲಾಖೆಯ ಹೆಸರಿದೆ, ಯಾವುದೋ ಸಚಿವಾಲಯದ ಹೆಸರು, ಅದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ನವೆಂಬರಿನಲ್ಲಿ ಅವಳು ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆಂದು ಹೆಬ್ಬೆಟ್ಟಿಟ್ಟು ರುಜುವಾತು ಮಾಡಬೇಕು. ಕಬ್ಬಿನ ಸೋಗೆ ಎಳೆದೆಳೆದು ಬೆರಳ ಗೆರೆ ಸವೆದಿವೆ, ಮೆಷೀನು ಒಪ್ಪುವುದಿಲ್ಲ. “ಅವ್ರು ಬದ್ಕವ್ರಾ ಅಂತ ನಾನ್ ಕೇಳ್ದಾಗ ಒಬ್ರೂ ಯೋಳ್ನಿಲ್ಲ. ಈಗ್ ನಾನ್ ಬದ್ಕಿವ್ನಿ ಅಂತ ವರ್ಸೊರ್ಸ ಯೋಳ್ಬೇಕಂತೆ” ಎಂದು ಕೌಂಟರಿನ ಹುಡುಗಿಗೆ ಹೇಳಿ ನಗಿಸಿದ್ದಳು.

ಹೋದ ತಿಂಗಳು ಅಕ್ಕ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆಂದು ಹೊರಟಳು. 24ನೇ ಸೆಕ್ಷನ್ ಇದೆ, ಗುಪ್ತಚರ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗೆ ಇಟ್ಟಿದ್ದಾರೆ, ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆ ಬಿಟ್ಟರೆ ಏನನ್ನೂ ಕೊಡಬೇಕಾಗಿಲ್ಲ ಎಂದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತಾನೇ, ಹೋದರೆ ಹೋಗಲಿ ಅಂದಳು. ಜಗಲಿ ಮೇಲೆ ಕೂತು ಬರೆಯತೊಡಗಿದಳು. ಒಂದು, ನಮ್ಮ ತಂದೆಯವರು ಕೆಲಸ ಮಾಡಿದ ಊರುಗಳು ಯಾವುವು. ಎರಡು, ಯಾವ ಯಾವ ಅವಧಿಯಲ್ಲಿ.

ಅವರೆಕಾಯಿ ಸುಲಿಯುತ್ತಿದ್ದ ದೊಡ್ಡವ್ವ ಕೇಳಿಸಿಕೊಂಡು ಕೇಳಿಸಿಕೊಂಡು ಕೊನೆಗೆ ಅಂದಳು: “ಯಾವ್ ಊರಾದ್ರೆ ನಿಂಗೇನಮ್ಮಿ, ಹೋಗಿ ನೋಡ್ಕಂಡ್ ಬಂದೀಯಾ? ಯುಗಾದಿಗ್ ಬತ್ತೀನಿ ಅಂತ ಕಾಗ್ದ ಬರ್ದು, ನಾನ್ ಹೋಳ್ಗೆ ತಟ್ಟಿ ಮಡಗಿ, ಬರ್ನಿಲ್ವಲ್ಲ, ನಿಂಗಾಗ ಆರ್ನೇ ಕ್ಲಾಸು. ಆ ವರ್ಸ ಯಾಕ್ ಬರ್ನಿಲ್ಲ ಅಂತ ಕೇಳು.”

ಅಕ್ಕ ವರ್ಷ ಲೆಕ್ಕ ಹಾಕಿ ಅದನ್ನು ಮೂರನೇ ಪ್ರಶ್ನೆಯಾಗಿ ಬರೆದಳು.